ಸಾವಿರ ಅಡಿ ಕೆಳಗೆ ನದಿ ಇಲ್ಲ

ರಾತ್ರಿ ಎರಡೂವರೆ ಗಂಟೆ. ಚಿಂತಾಮಣಿ ಕಡೆಯ ನಮ್ಮ ಊರಿನ ಹೊಲದಲ್ಲಿ ಬೋರ್ ಗಾಡಿ ನಿಂತಿದೆ. ಕಂಪ್ರೆಸರ್ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿಲ್ಲ. ಸಂಜೆ ಶುರು ಮಾಡಿದಾಗ ಗುಂಡಿಯಿಂದ ಕೆಂಪು ಮಣ್ಣು ಚಿಮ್ಮಿತ್ತು. ಆಮೇಲೆ ಹಳದಿ ಬಣ್ಣದ ಗರಸು. 70 ಅಡಿ ದಾಟಿದ ಮೇಲೆ ಬೂದು ಪುಡಿ, ರಾಗಿ ಹಿಟ್ಟಿನಷ್ಟು ನುಣ್ಣಗೆ. 240 ಅಡಿಯಲ್ಲಿ ಪುಡಿ ಒದ್ದೆಯಾಯಿತು, ಕುಳಿತಿದ್ದವರೆಲ್ಲ ಎದ್ದು ನಿಂತೆವು. ಇನ್ನೆರಡು ರಾಡ್ ಇಳಿಯುವಷ್ಟರಲ್ಲಿ ಮತ್ತೆ ಒಣ ಧೂಳು. ಅಲ್ಲಿಂದ ಕೆಳಗೆ ಬರೀ ಧೂಳೇ.

950 ಅಡಿಗೆ ಗಾಡಿಯವರು ಬಂದು ದೊಡ್ಡಪ್ಪನನ್ನು ಕೇಳಿದರು: "ಯಜಮಾನ್ರೇ, ಇನ್ನೊಂದು ನೂರಡಿ ನೋಡೋಣ್ವಾ?"

ದೊಡ್ಡಪ್ಪ ಹೂಂ ಅಂದರು. ನಾನೂ ಬೇಡ ಅನ್ನಲಿಲ್ಲ. ಅಷ್ಟು ದೂರ ಹೋಗಿದ್ದೀವಿ, ಕೆಳಗೆ ಎಲ್ಲೋ ದೊಡ್ಡ ಸೆಲೆ ಇದ್ದೇ ಇರುತ್ತದೆ ಅನ್ನೋ ನಂಬಿಕೆ. 1,050 ಅಡಿಗೆ ನಿಲ್ಲಿಸಿದಾಗ ಗುಂಡಿಯ ಸುತ್ತ ಬೂದಿ ಗುಡ್ಡೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಬೂದಿಯೇ ಉತ್ತರವಾಗಿತ್ತು ಅಂತ ನನಗೆ ಅರ್ಥವಾಗಿದ್ದು ಆಮೇಲೆ. ನೆಲದೊಳಗೆ ನೀರು ಅಂದ ತಕ್ಷಣ ನಮ್ಮ ತಲೆಯಲ್ಲಿ ಬರುವ ಚಿತ್ರ ಒಂದು ನದಿ, ಇಲ್ಲವೇ ಕತ್ತಲಲ್ಲಿ ನಿಂತ ಒಂದು ಕೆರೆ. ಕೊರೆಯುತ್ತಾ ಹೋದರೆ ಎಂದಾದರೂ ಒಂದು ದಿನ ಅದಕ್ಕೆ ತಾಗಲೇಬೇಕು ಅಲ್ವಾ? ಆದರೆ ನಮ್ಮ ಬಯಲುಸೀಮೆಯ ಕೆಳಗೆ ಅಂಥ ನದಿಯೂ ಇಲ್ಲ, ಕೆರೆಯೂ ಇಲ್ಲ. ಇರುವುದು ಕಲ್ಲು.

ಎಂಥ ಕಲ್ಲು ಅಂತ ನೋಡಬೇಕಾದರೆ ಬೋರ್ ಕೊರೆಸಬೇಕಿಲ್ಲ, ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದರೆ ಸಾಕು. ಕೆಂಪೇಗೌಡರ ಗೋಪುರ ಇರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಹತ್ತಿರದಿಂದ ನೋಡಿದರೆ ಬಿಳಿ, ಕಪ್ಪು ಪಟ್ಟೆಗಳು ಹೆಣೆದುಕೊಂಡ ಹಾಗೆ ಕಾಣುತ್ತವೆ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಅಂತ ಕರೆಯುತ್ತಾರೆ. ಹೆಸರಿಟ್ಟಿದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್, 1916ರಲ್ಲಿ. ಲಾಲ್‌ಬಾಗ್‌ನಲ್ಲಿ ತಲೆ ಹೊರಗೆ ಹಾಕಿರುವ ಈ ಕಲ್ಲು, ಹಳೇ ಮೈಸೂರಿನ ಬಹುಪಾಲು ಊರುಗಳಲ್ಲಿ ಮಣ್ಣಿನ ಹೊದಿಕೆ ಹೊದ್ದು ಮಲಗಿದೆ. ನಮ್ಮ ಗುಂಡಿಯಿಂದ ಬಂದ ಬೂದಿ ಅದರದೇ ಪುಡಿ.

ಈ ಕಲ್ಲು ಎಷ್ಟು ನೀರು ಕುಡಿಯುತ್ತದೆ? ಅಜ್ಜಿಯ ಒರಳುಕಲ್ಲನ್ನು ಕೇಳಿ. ರಾತ್ರಿ ಒರಳಲ್ಲಿ ನೀರು ಬಿಟ್ಟರೆ ಬೆಳಗ್ಗೆ ಹೆಚ್ಚುಕಡಿಮೆ ಅಷ್ಟೂ ಹಾಗೇ ಇರುತ್ತದೆ. ಗಟ್ಟಿ ಕಲ್ಲಿನಲ್ಲಿ ಖಾಲಿ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ಅದೇ ಹೊಳೆ ಮರಳಲ್ಲಿ ನೂರಕ್ಕೆ ಮೂವತ್ತು ಪಾಲಿನಷ್ಟು ಸಂದು ಇರುತ್ತದೆ. ಗಂಗಾ ಬಯಲಿನಲ್ಲಿ ನೂರಾರು ಅಡಿ ಮರಳು, ಮೆಕ್ಕಲು ಮಣ್ಣು ತುಂಬಿಕೊಂಡಿದೆ. ಅಲ್ಲಿಯವರು ಕೊರೆದಲ್ಲೆಲ್ಲ ನೀರು ಅನ್ನುತ್ತಾರೆ, ಸರಿಯೇ. ಅವರು ಕೊರೆಯುವುದು ಒದ್ದೆ ಮರಳನ್ನು. ನಾವು ಕೊರೆಯುವುದು ಒರಳುಕಲ್ಲನ್ನು.

ಹಾಗಾದರೆ ನಮ್ಮಲ್ಲಿ ಇಷ್ಟು ವರ್ಷ ನೀರು ಸಿಕ್ಕಿದ್ದು ಎಲ್ಲಿಂದ? ಎರಡು ಜಾಗದಿಂದ.

ಮೊದಲನೆಯದು ಆ ಹಳದಿ ಗರಸು. ಅದೂ ಒಂದು ಕಾಲಕ್ಕೆ ಇದೇ ಕಲ್ಲಾಗಿತ್ತು, ಈಗ ಕೊಳೆತಿದೆ. ಕಲ್ಲು ಕೊಳೆಯುತ್ತದಾ ಅಂದರೆ, ಹೌದು, ಕೊಳೆಸುವುದು ಬೇರು ಮತ್ತು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. ಬೇರೂ ಉಸಿರಾಡುತ್ತದೆ. ಅದು ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಿನ ಸಂದಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಮಣ್ಣಿನೊಳಗಿನ ಗಾಳಿಯಲ್ಲಿ ಆ ಅನಿಲ ಹೊರಗಿನ ಗಾಳಿಗಿಂತ ಹತ್ತರಿಂದ ನೂರು ಪಟ್ಟು ಜಾಸ್ತಿ. ಮಳೆ ನೀರು ಇದರ ಮೂಲಕ ಇಳಿಯುವಾಗ ಅನಿಲವನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ, ನೀರು ಹಾಕಿದ ಸೋಡಾದಷ್ಟು ತೆಳು ಹುಳಿ. ಈ ಹುಳಿ ಲಕ್ಷಾಂತರ ವರ್ಷ ಕಲ್ಲನ್ನು ನೆನೆಸುತ್ತದೆ. ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಜೇಡಿಯಾಗುತ್ತದೆ. ಗಾಜಿನಂತಿರುವ ಕ್ವಾರ್ಟ್ಜ್ ಈ ಹುಳಿಗೆ ಬಗ್ಗುವುದಿಲ್ಲ, ಹರಳಾಗಿಯೇ ಉಳಿಯುತ್ತದೆ. ಗರಸನ್ನು ಕೈಯಲ್ಲಿ ಉಜ್ಜಿದರೆ ಚುಚ್ಚುವುದು, ಬಿಸಿಲಿಗೆ ಮಿನುಗುವುದು ಅದೇ. ಈ ಕೊಳೆತ ಪದರ ನಮ್ಮ ಕಡೆ ಎಲ್ಲೋ 30 ಅಡಿ, ಎಲ್ಲೋ 100 ಅಡಿ. ನೀರಿನ ನಿಜವಾದ ಕಣಜ ಇಷ್ಟೇ. ಹಿಂದಿನವರ ತೆರೆದ ಬಾವಿಗಳೆಲ್ಲ ಈ ಪದರದಲ್ಲೇ ಇದ್ದವು.

ಎರಡನೆಯದು ಅದರ ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳು. ಬೋರ್ ಗಾಡಿಯವರು 'ಗ್ಯಾಪ್ ಸಿಕ್ತು' ಅನ್ನುವುದು ಇದಕ್ಕೇ. ಈ ಕಲ್ಲು ಹುಟ್ಟಿದ್ದು ನೆಲದ ಎಷ್ಟೋ ಕಿಲೋಮೀಟರ್ ಆಳದಲ್ಲಿ, ಭಾರೀ ಒತ್ತಡದಲ್ಲಿ. ಮೇಲಿನ ಹೊರೆ ಕೋಟ್ಯಂತರ ವರ್ಷ ಸವೆದು ಹೋದ ಹಾಗೆ ಒತ್ತಡ ಇಳಿಯಿತು. ಒತ್ತಡ ಇಳಿದ ಕಲ್ಲು ಉಬ್ಬಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಸೀಳಿತು. ಸಾವನದುರ್ಗ, ನಂದಿ ಬೆಟ್ಟದ ಬಂಡೆಗಳಲ್ಲಿ ಈ ಸಿಪ್ಪೆ ಎದ್ದಿರುವುದನ್ನು ಬರಿಗಣ್ಣಿಗೆ ನೋಡಬಹುದು. ಹೊರೆ ಇಳಿದಿದ್ದು ಮೇಲುಗಡೆ, ಆದ್ದರಿಂದ ಬಿರುಕೂ ಮೇಲುಗಡೆಯೇ ಜಾಸ್ತಿ. ಕೆಳಗೆ ಹೋದಷ್ಟೂ ಮೇಲಿನ ಕಲ್ಲಿನ ಭಾರಕ್ಕೆ ಬಿರುಕು ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲ 300 ಅಡಿ ದಾಟಿದ ಮೇಲೆ ನೀರಿರುವ ಬಿರುಕು ಸಿಗುವುದು ಅಪರೂಪವಾಗುತ್ತಾ ಹೋಗುತ್ತದೆ.

'ಅಲ್ಲ ಸ್ವಾಮಿ, ನಮ್ಮ ಭಾವನಿಗೆ 1,200 ಅಡಿಯಲ್ಲಿ ಸಿಕ್ತಲ್ಲ' ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸಿಗುತ್ತದೆ. ಆಳಕ್ಕೆ ಇಳಿದ ದೊಡ್ಡ ಸೀಳುಗಳೂ ಇವೆ, ಅಂಥದ್ದಕ್ಕೆ ಕೊರೆಯುವ ಬಿಟ್ ತಗುಲಿದರೆ ನೀರು ಬರುತ್ತದೆ. ಆದರೆ ಅದು ಹೋದ ವರ್ಷದ ಮಳೆಯಲ್ಲ. ಯಾವ ಕಾಲದಲ್ಲೋ ಇಳಿದು ಕೂತ ನೀರು, ಖಾಲಿಯಾದರೆ ತುಂಬುವುದೂ ಅಷ್ಟೇ ನಿಧಾನ. ಭಾವನ ಬೋರ್ ಎರಡು ವರ್ಷ ಬಿಟ್ಟು ಹೇಗಿದೆ ಅಂತಲೂ ಕೇಳಬೇಕು.

ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಗುಂಡಿ ಆರೂವರೆ ಇಂಚು ಅಗಲ. ಸಾವಿರ ಅಡಿ ಗುಂಡಿ ಬಾಯಿವರೆಗೂ ತುಂಬಿದ್ದರೂ ಅದರಲ್ಲಿ ಹಿಡಿಯುವ ನೀರು ಸುಮಾರು 6,500 ಲೀಟರ್. ಒಂದು ಟ್ಯಾಂಕರ್, ಅಷ್ಟೇ. ನಮ್ಮ ತಾತನ ಕಾಲದ ಬಾವಿ 20 ಅಡಿ ಅಗಲ. ಅದರಲ್ಲಿ ಒಂದೇ ಒಂದು ಅಡಿ ನೀರು ನಿಂತರೆ ಸುಮಾರು 8,900 ಲೀಟರ್! ಅಂದರೆ ಬೋರ್ ನೀರಿಡುವ ತೊಟ್ಟಿಯಲ್ಲ, ಬಿರುಕಿಗೆ ಹಾಕಿದ ಸ್ಟ್ರಾ. ಬಿರುಕಿಗೆ ನೀರು ಬರುವುದು ಮೇಲಿನ ಗರಸಿನಿಂದ, ಗರಸಿಗೆ ಬರುವುದು ಮಳೆಯಿಂದ.

ಮಳೆಯದೂ ನೋಡಿಬಿಡೋಣ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಅಂತಿಟ್ಟುಕೊಳ್ಳಿ. ಬಹುಪಾಲು ಹರಿದು ಹೋಗುತ್ತದೆ, ಆವಿಯಾಗುತ್ತದೆ, ಗಿಡ ಕುಡಿಯುತ್ತದೆ. ಕೆಳಗೆ ಗರಸಿಗೆ ಇಳಿಯುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಅಂದರೆ 70 ಮಿಲಿಮೀಟರ್. ಒಂದು ಎಕರೆಗೆ ಸುಮಾರು 2 ಲಕ್ಷ 80 ಸಾವಿರ ಲೀಟರ್. ಜಾಸ್ತಿಯೇ ಅನಿಸುತ್ತದೆ. ಈಗ ಖರ್ಚಿನ ಕಡೆ ಬನ್ನಿ.

ಬೋರ್ ನೀರನ್ನು ನಾವು ಇಂಚಲ್ಲಿ ಹೇಳುತ್ತೇವೆ. 'ಎರಡಿಂಚು ಬಂತು' ಅಂದರೆ ಪೈಪಿನ ಅಗಲ ಅಲ್ಲ. ಒಂದು ತಗಡಿನಲ್ಲಿ ವಿ ಆಕಾರದ ಕಚ್ಚು ಮಾಡಿ, ನೀರು ಅದರ ಮೂಲಕ ಹರಿಯುವಾಗ ಕಚ್ಚಿನ ತಳದಿಂದ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅಂತ ಅಳೆಯುತ್ತಾರೆ. ಎಷ್ಟೋ ಸಲ ತಗಡೂ ಇರುವುದಿಲ್ಲ, ಕಣ್ಣಂದಾಜಲ್ಲೇ 'ಎರಡಿಂಚು' ಅಂದುಬಿಡುತ್ತಾರೆ, ಅದು ಬೇರೆ ಮಾತು. ಇಲ್ಲೊಂದು ಮೋಸ ಇದೆ. ಕಚ್ಚು ಮೇಲೆ ಹೋದ ಹಾಗೆ ಅಗಲವಾಗುತ್ತದೆ, ಎತ್ತರ ಹೆಚ್ಚಿದರೆ ನೀರಿನ ವೇಗವೂ ಹೆಚ್ಚುತ್ತದೆ. ಹಾಗಾಗಿ ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್ ಆದರೆ, ಎರಡಿಂಚು ಸಾವಿರ ಅಲ್ಲ, ಸುಮಾರು 2,900! ಮೂರಿಂಚು ಅಂದರೆ 8,000ದ ಹತ್ತಿರ. 'ಮೂರಿಂಚು ಇದ್ದಿದ್ದು ಎರಡಿಂಚಿಗೆ ಬಂತು, ಪರವಾಗಿಲ್ಲ' ಅನ್ನುವವರು ಆಗಲೇ ಮೂರರಲ್ಲಿ ಎರಡು ಪಾಲು ಕಳೆದುಕೊಂಡಿರುತ್ತಾರೆ.

ಎರಡಿಂಚಿನ ಬೋರ್ ದಿನಕ್ಕೆ ಏಳು ಗಂಟೆ ಓಡಿದರೆ 20 ಸಾವಿರ ಲೀಟರ್ ಆಯಿತು. ಒಂದು ಎಕರೆಯಲ್ಲಿ ಇಡೀ ವರ್ಷ ಇಂಗಿದ್ದು 14 ದಿನಕ್ಕೆ ಮುಗಿಯಿತು. ವರ್ಷಪೂರ್ತಿ ಓಡಿಸಬೇಕಾದರೆ ಸುತ್ತಲಿನ 26 ಎಕರೆಯಲ್ಲಿ ಇಂಗಿದ್ದೆಲ್ಲ ಈ ಒಂದು ಬೋರಿಗೇ ಬರಬೇಕು. ಆ 26 ಎಕರೆಯಲ್ಲಿ ಇನ್ನೆಷ್ಟು ಬೋರ್ ಇವೆ ಅಂತ ಹೊಲದ ಬದುವಿನ ಮೇಲೆ ನಿಂತು ಎಣಿಸಿದರೆ ಸಾಕು, ಬೇರೆ ವಿಜ್ಞಾನ ಬೇಡ.

ಪಕ್ಕದವರು ಬೋರ್ ಹಾಕಿದ ಮೇಲೆ ನಮ್ಮದು ನಿಂತುಹೋಯಿತು ಅನ್ನುವ ಜಗಳ ಪ್ರತಿ ಊರಲ್ಲೂ ಇದೆ. ಅದರಲ್ಲಿ ಸತ್ಯ ಇದೆ. ಮೋಟಾರ್ ಓಡುವಾಗ ಬೋರಿನ ಸುತ್ತ ನೀರಿನ ಮಟ್ಟ ಆಲಿಕೆಯ ಹಾಗೆ ಕೆಳಗೆ ಬಾಗುತ್ತದೆ. ಎರಡು ಆಲಿಕೆ ಒಂದಕ್ಕೊಂದು ತಾಗಿದರೆ ಇಬ್ಬರಿಗೂ ನಷ್ಟ, ಆಳ ಕಡಿಮೆ ಇರುವ ಬೋರಿಗೆ ಮೊದಲು. ಕಲ್ಲಿನ ಬಿರುಕಲ್ಲಿ ಇನ್ನೂ ವಿಚಿತ್ರ: 50 ಅಡಿ ದೂರದ ಬೋರ್ ಏನೂ ಮಾಡದೇ ಇರಬಹುದು, 500 ಅಡಿ ದೂರದ್ದು ಅದೇ ಸೀಳಿಗೆ ತಗುಲಿ ನಮ್ಮದನ್ನು ಒಣಗಿಸಬಹುದು.

ಇನ್ನು ಪಾಯಿಂಟ್ ಮಾಡುವವರ, ಅಂದರೆ ಬೋರ್ ಎಲ್ಲಿ ಕೊರೆಯಬೇಕು ಅಂತ ಜಾಗ ತೋರಿಸುವವರ ಬಗ್ಗೆ. ನಮ್ಮಲ್ಲೂ ಬಂದಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತಿದರು, ಬೇವಿನ ಮರದ ಹತ್ತಿರ ಕಾಯಿ ಎದ್ದು ನಿಂತಿತು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅಂಗೈ ಮೇಲಿನ ಕಾಯಿ ಹೇಗೂ ಓಲಾಡುವ ವಸ್ತು. ನಡೆಯುವವರಿಗೇ ಗೊತ್ತಾಗದ ಹಾಗೆ ಮಣಿಕಟ್ಟು ಒಂದಿಷ್ಟು ಅಲುಗಿದರೆ ಸಾಕು, ಎದ್ದು ನಿಲ್ಲುತ್ತದೆ. ಕೆಳಗಿನ ನೀರಿಗೂ ಕಾಯಿಗೂ ಸಂಬಂಧ ಇಲ್ಲ. ಹಾಗಾದರೆ ಎಷ್ಟೋ ಸಲ ನಿಜ ಆಗಿದ್ದು ಹೇಗೆ? ಒಂದು ಕಾಲದಲ್ಲಿ ಗರಸೆಲ್ಲ ತುಂಬಿತ್ತು, ಕಾಯಿ ಎಲ್ಲಿ ನಿಂತರೂ ನೀರು ಬರುತ್ತಿತ್ತು. ಈಗ ಗರಸು ಒಣಗಿದೆ, ಕಾಯಿಯ ಗುಟ್ಟೂ ಬಯಲಾಗುತ್ತಿದೆ.

ಭೂವಿಜ್ಞಾನದವರು ಮಾಡುವುದು ಬೇರೆ. ನೆಲಕ್ಕೆ ನಾಲ್ಕು ಕಬ್ಬಿಣದ ಕಡ್ಡಿ ಹೊಡೆದು, ಎರಡರ ನಡುವೆ ಕರೆಂಟ್ ಹರಿಸಿ, ಇನ್ನೆರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಒದ್ದೆ ಗರಸಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಒಣ ಬಂಡೆಯಲ್ಲಿ ಹರಿಯುವುದಿಲ್ಲ. ಕಡ್ಡಿಗಳನ್ನು ದೂರ ದೂರ ಇಟ್ಟಷ್ಟೂ ಆಳದ ಸುದ್ದಿ ಸಿಗುತ್ತದೆ. ಕೊಳೆತ ಪದರ ಎಷ್ಟು ದಪ್ಪ ಅಂತ ಇದು ಚೆನ್ನಾಗಿ ಹೇಳುತ್ತದೆ. ಆದರೆ 600 ಅಡಿ ಆಳದ ಬೆರಳಗಲದ ಸೀಳು ಇದಕ್ಕೂ ಕಾಣಿಸುವುದಿಲ್ಲ. ಹಾಗಂತ ನೇರವಾಗಿ ಹೇಳುವವರು ಸಿಕ್ಕರೆ ನಂಬಬಹುದು.

ನೀರು ಸಿಕ್ಕಿತು ಅಂತಿಟ್ಟುಕೊಳ್ಳಿ, ಮೇಲೆ ತರುವುದು ಇನ್ನೊಂದು ಕಥೆ. ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ನೀರನ್ನು ನಾವು ಎಳೆಯುತ್ತೇವೆ ಅಂದುಕೊಳ್ಳುತ್ತೇವೆ. ನಿಜಕ್ಕೂ ನಾವು ಸ್ಟ್ರಾ ಒಳಗಿನ ಗಾಳಿ ತೆಗೆಯುತ್ತೇವೆ, ಅಷ್ಟೇ. ಎಳನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಆ ಭಾರಕ್ಕೊಂದು ಮಿತಿ ಇದೆ. ಇಟಲಿಯಲ್ಲಿ ಬಾವಿಯ ಪಂಪುಗಳು ಸುಮಾರು ಹತ್ತು ಮೀಟರ್ ಆದ ಮೇಲೆ ನೀರೆತ್ತದೇ ಇದ್ದದ್ದು ಗೆಲಿಲಿಯೋಗೂ ಒಗಟಾಗಿತ್ತು. 1640ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಟೊರಿಚೆಲ್ಲಿ ನೀರಿನ ಬದಲು ಪಾದರಸ ತೆಗೆದುಕೊಂಡು ಅದನ್ನು ಬಿಡಿಸಿದ. ಗಾಳಿ ಹೊರಬಲ್ಲದ್ದು 76 ಸೆಂಟಿಮೀಟರ್ ಪಾದರಸ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಗುಣಿಸಿದರೆ 10.3 ಮೀಟರ್ ನೀರು. ಇದು ಮಂಗಳೂರಿನಂಥ ಸಮುದ್ರಮಟ್ಟದ ಊರಿನ ಲೆಕ್ಕ. ಬೆಂಗಳೂರು 900 ಮೀಟರ್ ಮೇಲಿದೆ, ತಲೆ ಮೇಲಿನ ಗಾಳಿ ಕಡಿಮೆ, ಇಲ್ಲಿ ಒಂಬತ್ತು ಮೀಟರ್ ಚಿಲ್ಲರೆ ಅಷ್ಟೇ. ಅಂದರೆ ಸುಮಾರು 30 ಅಡಿ. ನೆಲದ ಮೇಲಿಟ್ಟ ಯಾವ ಹೀರುವ ಪಂಪೂ, ಎಷ್ಟೇ ಹಾರ್ಸ್‌ಪವರ್ ಇದ್ದರೂ, ಇದಕ್ಕಿಂತ ಆಳದಿಂದ ಹೀರಲಾರದು. ಅದಕ್ಕೇ ಬೋರ್ ಮೋಟಾರನ್ನು ನೀರಿನೊಳಗೇ ಇಳಿಬಿಡುವುದು. ಅದು ಹೀರುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ತಳ್ಳುವುದಕ್ಕೆ ಮಿತಿ ಇಲ್ಲ, ಕರೆಂಟ್ ಬಿಲ್ ಒಂದು ಬಿಟ್ಟರೆ.

ಆದರೆ ಮೋಟಾರೇ ಇಲ್ಲದೆ 60 ಅಡಿ ತೆಂಗಿನಮರ ತುದಿಯ ಎಳನೀರಿಗೆ ನೀರು ಮುಟ್ಟಿಸುವುದು ಹೇಗೆ? ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಮರದೊಳಗಿನ ನಾಳಗಳು ಕೂದಲೆಳೆಯ ಹಾಗೆ ತೀರಾ ಸಣ್ಣ. ಅಷ್ಟು ಸಣ್ಣ ನಾಳದಲ್ಲಿ ನೀರಿನ ಕಣಗಳು ಒಂದರ ಕೈ ಒಂದು ಬಿಡದೆ ಸರಪಳಿಯ ಹಾಗೆ ನಿಲ್ಲುತ್ತವೆ. ಗರಿಯಿಂದ ಒಂದು ಕಣ ಆವಿಯಾದರೆ ಹಿಂದಿನದು ಆ ಜಾಗಕ್ಕೆ ಬರುತ್ತದೆ, ಇಡೀ ಸರಪಳಿ ಬೇರಿನವರೆಗೂ ಜಗ್ಗುತ್ತದೆ. ಇಲ್ಲಿ ಮಾತ್ರ ನಿಜವಾದ 'ಎಳೆಯುವಿಕೆ' ಇದೆ, ಗಾಳಿಯ ಭಾರದ ಹಂಗಿಲ್ಲ. ಡಿಕ್ಸನ್ ಮತ್ತು ಜಾಲಿ ಅನ್ನುವ ವಿಜ್ಞಾನಿಗಳು ಇದನ್ನು ಹೇಳಿದ್ದು 1894ರಲ್ಲಿ. ನೀಲಗಿರಿ ಮರ ಇದೇ ಉಪಾಯದಿಂದ ಆಳದ ತೇವವನ್ನೂ ಎಳೆದುಬಿಡುತ್ತದೆ ಅನ್ನುವ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಹಾಕುವುದನ್ನು ನಿಷೇಧಿಸಿತು.

ಆಳದ ನೀರಿಗೆ ಇನ್ನೊಂದು ಗುಣ ಇದೆ, ಅದು ನಾಲಿಗೆಗೆ, ಹಲ್ಲಿಗೆ ಗೊತ್ತಾಗುವುದು. ಸೋಡಾ ಹುಳಿಯ ನೀರು ಕಲ್ಲನ್ನು ಕರಗಿಸುತ್ತದೆ ಅಂದೆನಲ್ಲ, ಕರಗಿದ್ದು ನೀರಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಇದ್ದರೆ ಗಡಸು ನೀರು. ಕಾಯಿಸಿದಾಗ ಅನಿಲ ಹಾರಿಹೋಗಿ, ಕ್ಯಾಲ್ಸಿಯಂ ಸುಣ್ಣದ ಕಲ್ಲಾಗಿ ಗೀಸರ್ ಕಾಯಿಲ್‌ಗೆ, ಪಾತ್ರೆಯ ತಳಕ್ಕೆ ಬಿಳಿ ಪೊರೆಯಾಗಿ ಅಂಟುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುವುದು ಮತ್ತೆ ಹುಳಿಯ ಕೆಲಸವೇ. ಇದು ತೊಂದರೆ, ಕಾಯಿಲೆಯಲ್ಲ.

ಫ್ಲೋರೈಡ್ ಹಾಗಲ್ಲ. ನಮ್ಮ ಕಲ್ಲಿನ ಕಪ್ಪು ಅಭ್ರಕ, ಅಪಟೈಟ್ ಮುಂತಾದ ಖನಿಜಗಳಲ್ಲಿ ಅದು ಸ್ವಲ್ಪ ಸ್ವಲ್ಪ ಇದೆ. ನೀರು ಕಲ್ಲಿನ ಜೊತೆ ಎಷ್ಟು ಕಾಲ ಇರುತ್ತದೋ ಅಷ್ಟು ಕರಗುತ್ತದೆ, ಹಳೆಯ ಆಳದ ನೀರಿನಲ್ಲಿ ಸಾಮಾನ್ಯವಾಗಿ ಜಾಸ್ತಿ. ವಿಚಿತ್ರ ಅಂದರೆ, ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡನ್ನು ಹಿಡಿದು ಕೂರಿಸಿಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ, ಬಾಯಿಗೆ ಮೆತ್ತಗೆ ಅನಿಸುವ ನೀರಲ್ಲೇ ಅದು ಹೆಚ್ಚಿರಬಹುದು. ರುಚಿಯಲ್ಲಿ ಗೊತ್ತಾಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಪಾವಗಡ, ಬಾಗೇಪಲ್ಲಿ ಕಡೆ ಎಷ್ಟೋ ಬೋರ್‌ಗಳು ಅದನ್ನು ದಾಟಿವೆ. ಹೊಸ ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದವರೆಗೆ, ಮಕ್ಕಳು ಈ ನೀರು ಕುಡಿದರೆ ಹಲ್ಲಿನ ಹೊದಿಕೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲು ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ. ಹೆಚ್ಚು ಕಾಲ ಕುಡಿದವರಿಗೆ ಮೂಳೆ, ಕೀಲು ಬಿಗಿಯುತ್ತವೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು ನೆಲ್ಲೂರಿನ ಹಳ್ಳಿಗಳಲ್ಲಿ, 1937ರಲ್ಲಿ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ.

ಕಲ್ಲು ಬೇರೆಯಾದರೆ ಉಪಾಯವೂ ಬೇರೆ. ಕರಾವಳಿಯ ಮುರಕಲ್ಲು ತೂತು ತೂತು, ಮಳೆಯನ್ನು ಹಾಗೇ ಕುಡಿದುಬಿಡುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಮೋಟಾರಿಲ್ಲದೆ ನೀರು ತಾನಾಗಿ ಹರಿದು ಬರುವ ಹಾಗೆ ಮಾಡುತ್ತಾರೆ. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹಾಗೆ ಕೊರೆದು ಬೋಳು ಗುಡ್ಡದಲ್ಲಿ ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ನೈಸ್ ಕಲ್ಲಿಗೆ ಆ ಆಟ ನಡೆಯುವುದಿಲ್ಲ.

ನಮ್ಮ 1,050 ಅಡಿಯ ಗುಂಡಿಯ ಬಾಯಿಗೆ ಈಗ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿದ್ದೇವೆ. ದೊಡ್ಡಪ್ಪ ಹೋದ ಬೇಸಿಗೆಯಲ್ಲಿ ಕಸ ತುಂಬಿದ್ದ ತಾತನ ಬಾವಿಯ ಹೂಳು ತೆಗೆಸಿದರು. ಮೇಲಿನ ಹೊಲದ ನೀರು ಸುಮ್ನೆ ರಸ್ತೆಗೆ ಹೋಗುವ ಬದಲು, ಬಾವಿಗಿಂತ ಮೇಲೆ ತೋಡಿದ ಗುಂಡಿಗಳಲ್ಲಿ ನಿಂತು ಗರಸಿಗೆ ಇಳಿಯುವ ಹಾಗೆ ಮಾಡಿಸಿದರು. ಅಕ್ಟೋಬರ್ ಮಳೆ ಆದ ಮೇಲೆ ಫೋನ್ ಬಂತು.

"ಏಳು ಮೆಟ್ಟಿಲು ಮುಳುಗಿದೆ ಕಣೋ."

ಮುಕ್ಕಾಲು ಅಡಿಯ ಮೆಟ್ಟಿಲು. ಐದು ಅಡಿ ಅಂತಿಟ್ಟುಕೊಂಡರೂ 44 ಸಾವಿರ ಲೀಟರ್. ಎಷ್ಟು ದಿನ ಇರಬಹುದು ದೊಡ್ಡಪ್ಪ ಅಂದೆ.

"ಪಕ್ಕದ ತೋಟದವರು ಮೋಟಾರ್ ಹಾಕೋವರೆಗೂ."